ಜಿಪ್ ಮಾಡಿದರೂ ಫೋಟೋ, ಹಾಡು ಯಾಕೆ ಚಿಕ್ಕದಾಗುವುದಿಲ್ಲ?

ಪ್ರಶ್ನೆ: ನಮ್ಮೂರಿನಲ್ಲಿ ನಡೆದ ತಾಳಮದ್ದಳೆಗಳ ಹಳೇ ಕ್ಯಾಸೆಟ್‌ಗಳನ್ನು ಎಂಪಿ3 ಮಾಡಿ ಕಂಪ್ಯೂಟರಿಗೆ ಹಾಕಿದ್ದೇವೆ. ಜೊತೆಗೆ ಕೈಬರಹದ ಪ್ರಸಂಗಗಳ ಫೋಟೋ, ಊರಿನ ಸೊಸೈಟಿಯ ಹಳೇ ಲೆಕ್ಕದ ಪುಸ್ತಕಗಳ ಸ್ಕ್ಯಾನ್, ಟೈಪ್ ಮಾಡಿಸಿದ ಪದ್ಯಗಳು ಇವೆ. ಜಾಗ ಸಾಲದೆ ಎಲ್ಲವನ್ನೂ ಜಿಪ್ ಮಾಡಿದೆವು. ಪದ್ಯದ ಫೈಲು ಐದರಲ್ಲಿ ಒಂದು ಪಾಲಾಯಿತು. ಫೋಟೋ, ಆಡಿಯೋ ಮಾತ್ರ ಇದ್ದ ಹಾಗೇ ಇವೆ. ಎರಡನೇ ಸಲ ಜಿಪ್ ಮಾಡಿದರೆ ತುಸು ದೊಡ್ಡದೇ ಆಯಿತು! 20 ಎಂಬಿಯ ಫೈಲನ್ನು ಮೇಲ್ ಮಾಡಲು ಹೋದರೆ, ಮಿತಿ 25 ಎಂಬಿ ಇದ್ದರೂ, ಹೋಗುವುದಿಲ್ಲ. ಹಳೇ ಡಿಟಿಪಿ ಫೈಲು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಕಸ. ಯಾವುದನ್ನು ಹೇಗೆ ಇಡಬೇಕು? ಇದರ ಒಳಗೆ ನಡೆಯುವುದಾದರೂ ಏನು?
— ಶಿರಸಿಯ ಓದುಗರೊಬ್ಬರು

ಉತ್ತರ: ಕ್ಯಾಸೆಟ್‌ಗಳನ್ನು ಎಸೆದಿಲ್ಲ ತಾನೇ? ಎಸೆದಿಲ್ಲವಾದರೆ ಅಟ್ಟದಿಂದ ಇಳಿಸಿ ಒಣ ಜಾಗದಲ್ಲಿಡಿ. ಶಿರಸಿಯ ಮಳೆಗಾಲಕ್ಕೆ ಟೇಪು ಬೂಷ್ಟು ಹಿಡಿಯುತ್ತದೆ. ಅವು ಇನ್ನೂ ಬೇಕಾಗುತ್ತವೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಂಪ್ಯೂಟರಿನಲ್ಲಿ ಫೈಲು ಕುಗ್ಗಿಸಲು ಇರುವುದು ಎರಡೇ ದಾರಿ. ಒಂದು, ಮತ್ತೆ ಮತ್ತೆ ಬರುವುದನ್ನು ಒಂದೇ ಸಲ ಬರೆದು, ಉಳಿದ ಕಡೆ ‘ಅಲ್ಲಿ ನೋಡು’ ಅಂತ ಗುರುತು ಹಾಕುವುದು. ಇದರಲ್ಲಿ ಏನೂ ಕಳೆದುಹೋಗುವುದಿಲ್ಲ. ಬಿಚ್ಚಿದರೆ ಮೊದಲಿನ ಫೈಲು ಒಂದು ಬಿಟ್ (ಕಂಪ್ಯೂಟರ್ ಬರೆಯುವ ಒಂದು 0 ಅಥವಾ 1) ಕೂಡ ಆಚೀಚೆ ಆಗದೆ ಸಿಗುತ್ತದೆ. ಇನ್ನೊಂದು, ಕಣ್ಣಿಗೆ ಕಾಣದ, ಕಿವಿಗೆ ಕೇಳದ ವಿವರವನ್ನು ಎಸೆದುಬಿಡುವುದು. ಎಸೆದದ್ದು ಹೋಯಿತು. ಅದನ್ನು ವಾಪಸ್ ತರುವ ಸಾಫ್ಟ್‌ವೇರ್ ಇಲ್ಲ. ಜಿಪ್, 7-ಜಿಪ್, ಪಿಎನ್‌ಜಿ, ಫ್ಲ್ಯಾಕ್ ಮೊದಲನೇ ಜಾತಿ (ಕೊನೆಯ ಎರಡು ಕ್ರಮವಾಗಿ ಚಿತ್ರ, ಸದ್ದು ಉಳಿಸುವ ಪದ್ಧತಿ). ಫೋಟೋದ ಜೆಪೆಗ್, ಆಡಿಯೋದ ಎಂಪಿ3, ವಾಟ್ಸಾಪ್‌ನಲ್ಲಿ ಓಡಾಡುವ ವಿಡಿಯೋ ಎರಡನೇ ಜಾತಿ. ನಿಮ್ಮ ಫೋಲ್ಡರಿನ ಒಂದೊಂದು ಫೈಲನ್ನೂ ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ: ಇಲ್ಲಿಂದ ಹಿಂದೆ ಹೋಗಲು ಬರುತ್ತದಾ?

ಪದ್ಯದ ಫೈಲು ಅಷ್ಟು ಚೆನ್ನಾಗಿ ಯಾಕೆ ಕುಗ್ಗಿತು ಅನ್ನುವುದರಿಂದ ಶುರು ಮಾಡೋಣ. ಅದರ ಗುಟ್ಟು ಕನ್ನಡ ಅಕ್ಷರ ಕಂಪ್ಯೂಟರಿನಲ್ಲಿ ಕೂರುವ ರೀತಿಯಲ್ಲೇ ಇದೆ. ಈಗ ಎಲ್ಲ ಕಡೆ ಬಳಕೆಯಲ್ಲಿರುವುದು ಯುನಿಕೋಡ್. ಅದನ್ನು ಫೈಲಿಗೆ ಬರೆಯುವ ಪದ್ಧತಿಗೆ ಯುಟಿಎಫ್-8 ಅಂತ ಹೆಸರು. ಇಂಗ್ಲಿಷ್ ಅಕ್ಷರಕ್ಕೆ ಅದರಲ್ಲಿ ಒಂದು ಬೈಟು, ಅಂದರೆ 8 ಬಿಟ್ಟಿನ ಒಂದು ಸಂಖ್ಯೆ, ಸಾಕು. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಚಿಹ್ನೆ ಅಂದೆ, ಅಕ್ಷರ ಅನ್ನಲಿಲ್ಲ. ‘ಕಾ’ ಅನ್ನುವುದರಲ್ಲಿ ಕ ಒಂದು, ದೀರ್ಘ ಒಂದು. ‘ಕ್ಷ’ದಲ್ಲಿ ಕ, ಹಲಂತ, ಷ ಅಂತ ಮೂರು.

ನಾನಿರುವ ಊರಿನ ಹೆಸರನ್ನೇ ತೆಗೆದುಕೊಳ್ಳಿ. ‘ಕಾರವಾರ’ ಅಂತ ಬರೆದರೆ ಫೈಲಿನಲ್ಲಿ ಕೂರುವ ಸಂಖ್ಯೆಗಳು ಇವು:

224 178 149, 224 178 190, 224 178 176, 224 178 181, 224 178 190, 224 178 176.

ಒಟ್ಟು 18 ಬೈಟು. ನೋಡಿ, ‘224 178’ ಆರು ಸಲ ಬಂದಿದೆ. ಕನ್ನಡದ ಯಾವ ಪುಟ ತೆಗೆದರೂ ಇದೇ ಕಥೆ. ಮೊದಲ ಬೈಟು ಯಾವಾಗಲೂ 224. ಎರಡನೆಯದು 178 ಅಥವಾ 179. ಸುದ್ದಿ ಇರುವುದೆಲ್ಲ ಮೂರನೇ ಬೈಟಿನಲ್ಲಿ. ಅಂದರೆ ಫೈಲಿನ ಮೂರರಲ್ಲಿ ಎರಡು ಪಾಲು ಹೆಚ್ಚುಕಮ್ಮಿ ಮೊದಲೇ ಗೊತ್ತಿರುವುದು. ಕುಗ್ಗಿಸುವ ಸಾಫ್ಟ್‌ವೇರಿಗೆ ಇದಕ್ಕಿಂತ ಒಳ್ಳೆ ಊಟ ಬೇಕಾ? ಕನ್ನಡ ಫೈಲು ಇಂಗ್ಲಿಷಿಗಿಂತ ಮೂರು ಪಟ್ಟು ಜಾಗ ತಿನ್ನುತ್ತದೆ ಅಂತ ಗೊಣಗುವವರು ಜಿಪ್ ಆದಮೇಲೆ ಮತ್ತೊಮ್ಮೆ ಅಳೆದು ನೋಡಬೇಕು. ಆ ಅಂತರದಲ್ಲಿ ಬಹುಪಾಲು ಅಲ್ಲಿಗೆ ಕರಗಿಹೋಗಿರುತ್ತದೆ.

ಜಿಪ್ ಮಾಡುವುದು ಎರಡು ಕೆಲಸ. ಮೊದಲನೆಯದು ಇಸ್ರೇಲಿನ ಜೇಕಬ್ ಜಿವ್, ಅಬ್ರಹಾಂ ಲೆಂಪೆಲ್ 1977ರಲ್ಲಿ ಕೊಟ್ಟ ಉಪಾಯ. ‘ಕಾರವಾರ’ದಲ್ಲಿ ‘ವ’ ಬರೆದು ಮುಗಿದ ಮೇಲೆ ಮತ್ತೆ ‘ಾರ’ ಬರುತ್ತದೆ ಅಲ್ವಾ? ಅದನ್ನು ಇನ್ನೊಮ್ಮೆ ಬರೆಯುವುದಿಲ್ಲ. ‘9 ಬೈಟು ಹಿಂದೆ ಹೋಗು, ಅಲ್ಲಿಂದ 6 ಬೈಟು ನಕಲು ಮಾಡು’ ಅಂತ ಒಂದು ಗುರುತು ಹಾಕುತ್ತದೆ, ಅಷ್ಟೇ. ಒಂದು ಊರಿನ ಹೆಸರಿನಲ್ಲಿ ಉಳಿತಾಯ ಕಡಿಮೆ. ಆದರೆ ನಿಮ್ಮ ಪ್ರಸಂಗದಲ್ಲಿ ಪದ್ಯದ ಮೇಲೆ ‘ರಾಗ ಕಾಂಭೋಜಿ ಝಂಪೆ ತಾಳ’ ಅಂತ ಇರುತ್ತದಲ್ಲ, ಅದು 54 ಬೈಟು. ಎರಡನೇ ಸಲ ಬಂದಾಗ ಆ ಇಡೀ ಸಾಲಿಗೆ ಸುಮಾರು ಮೂರು ಬೈಟಿನ ಗುರುತು ಸಾಕು.

ಎರಡನೇ ಕೆಲಸ ಡೇವಿಡ್ ಹಫ್‌ಮನ್‌ನದ್ದು. ಅಮೆರಿಕದ ಎಂಐಟಿಯಲ್ಲಿ ಓದುವಾಗ ಮೇಷ್ಟ್ರು ಪರೀಕ್ಷೆ ಬದಲು ಒಂದು ಪ್ರಬಂಧ ಬರೆಯಬಹುದು ಅಂದರು. ಆ ಹುಡುಗ ಬರೆದದ್ದು 1952ರಲ್ಲಿ ಪ್ರಕಟವಾಯಿತು, ಇಂದಿಗೂ ಜಿಪ್ ಒಳಗೆ, ಜೆಪೆಗ್ ಒಳಗೆ, ಎಂಪಿ3 ಒಳಗೆ ದುಡಿಯುತ್ತಿದೆ. ವಿಚಾರ ಇಷ್ಟೇ: ಜಾಸ್ತಿ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ. ನಮ್ಮ 224ಕ್ಕೆ 8 ಬಿಟ್ ಬದಲು ಒಂದೆರಡು ಬಿಟ್ ಸಿಗುತ್ತದೆ. ‘ಝ’ದ ಕೊನೇ ಬೈಟಿಗೆ ಹತ್ತು ಬಿಟ್ ಹೋದರೂ ನಷ್ಟವಿಲ್ಲ, ಅದು ಬರುವುದೇ ಯಾವಾಗಲೋ ಒಮ್ಮೆ.

ಇಲ್ಲಿ ಕನ್ನಡದವರು ಗಮನಿಸಬೇಕಾದ ಒಂದು ವಿಷಯ ಉಂಟು. ಜಿಪ್ ಹಿಂದೆ ತಿರುಗಿ ನೋಡುವುದು 32,768 ಬೈಟಿನಷ್ಟು ದೂರ ಮಾತ್ರ. ಇಂಗ್ಲಿಷಿನಲ್ಲಿ ಅದು ಮೂವತ್ತೆರಡು ಸಾವಿರ ಅಕ್ಷರ. ಕನ್ನಡದಲ್ಲಿ ಮೂರರಿಂದ ಭಾಗಿಸಿ: ಸುಮಾರು ಹನ್ನೊಂದು ಸಾವಿರ ಚಿಹ್ನೆ, ಅಂದರೆ ಕೆಲವೇ ಪುಟ. ಪ್ರಸಂಗದ ಮೊದಲ ಭಾಗದಲ್ಲಿ ಬಂದ ರಾಗದ ಹೆಸರು ಇಪ್ಪತ್ತು ಪುಟ ಬಿಟ್ಟು ಬಂದರೆ ಜಿಪ್‌ಗೆ ಅದು ಹೊಸ ಮುಖ. 7-ಜಿಪ್ ಬಳಸುವ ಎಲ್‌ಜೆಡ್‌ಎಂಎ ಪದ್ಧತಿಗೆ ಈ ತೊಂದರೆ ಇಲ್ಲ. ಅದರ ನೆನಪು ಹಲವು ಎಂಬಿಯಷ್ಟು ಉದ್ದ. ಹಾಗಾಗಿ ನಿಮ್ಮ ಪದ್ಯಗಳನ್ನೆಲ್ಲ ಒಟ್ಟಿಗೆ 7-ಜಿಪ್‌ನಲ್ಲಿ ಹಾಕಿದರೆ ಜಿಪ್‌ಗಿಂತ ಚಿಕ್ಕದಾಗುತ್ತದೆ. ಹಾಗಂತ ಹಾಕಲೇಬೇಕು ಅಂತಲ್ಲ. ನೂರು ಪ್ರಸಂಗ ಟೈಪ್ ಮಾಡಿದರೂ ಬರೀ ಪಠ್ಯ ಕೆಲವು ಹತ್ತು ಎಂಬಿ ಆದೀತು, ಇವತ್ತಿನ ಪೆನ್ ಡ್ರೈವಿಗೆ ಅದು ಲೆಕ್ಕಕ್ಕೇ ಇಲ್ಲ. ಸುಮ್ನೆ ಬಿಚ್ಚಿಟ್ಟುಬಿಡಿ.

ಈಗ ಎರಡನೇ ಸಲ ಜಿಪ್ ಮಾಡಿದ ಕಥೆ. ಒಣಗಿ ಚಾಲಿಯಾದ ಅಡಿಕೆಯನ್ನು ಮತ್ತೆ ಅಂಗಳಕ್ಕೆ ಹರವಿದರೆ ತೂಕ ಇಳಿಯುತ್ತದಾ? ಇಲ್ಲ. ಹೋಗಬೇಕಾದ ನೀರು ಹೋಗಿ ಆಗಿದೆ. ಜಿಪ್ ಆದ ಫೈಲಿನಲ್ಲೂ ಹಾಗೆ, ಮತ್ತೆ ಬರುವುದು ಏನೂ ಉಳಿದಿಲ್ಲ. ಹೊಸ ಜಿಪ್‌ನ ಹೆಸರು, ತಾರೀಕು, ಪಟ್ಟಿ ಮಾತ್ರ ಮೇಲೆ ಸೇರಿ ತುಸು ದಪ್ಪವಾಯಿತು. ಇದು ಸಾಫ್ಟ್‌ವೇರಿನ ದಡ್ಡತನವಲ್ಲ, ಗಣಿತವೇ ಹಾಗೆ. ಸರಿಯಾಗಿ 10 ಬಿಟ್ ಉದ್ದದ ಫೈಲುಗಳು ಒಟ್ಟು 1,024 ಇರಬಹುದು. ಅದಕ್ಕಿಂತ ಚಿಕ್ಕವು, ಒಂದು ಬಿಟ್‌ನಿಂದ ಒಂಬತ್ತು ಬಿಟ್‌ವರೆಗಿನವು, ಎಲ್ಲ ಸೇರಿದರೆ 1,022. ಹಾಗಾಗಿ ಎಲ್ಲವನ್ನೂ ಚಿಕ್ಕದು ಮಾಡಿ, ಮತ್ತೆ ತಪ್ಪಿಲ್ಲದೆ ಬಿಚ್ಚುವ ಪದ್ಧತಿ ಇರಲು ಸಾಧ್ಯವೇ ಇಲ್ಲ. ಎಷ್ಟರವರೆಗೆ ಕುಗ್ಗಿಸಬಹುದು ಅನ್ನುವುದರ ಅಳತೆಗೋಲನ್ನು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲೇ ಕೊಟ್ಟಿದ್ದಾರೆ. ‘ಯಾವ ಫೈಲಾದರೂ ಶೇ. 90 ಚಿಕ್ಕದು’ ಅಂತ ಯಾವುದಾದರೂ ಆ್ಯಪ್ ಹೇಳಿದರೆ, ಅದು ನಿಮಗೆ ಹೇಳದೆ ಏನನ್ನೋ ಎಸೆಯುತ್ತಿದೆ ಅಂತ ಅರ್ಥ. ಫೋಟೋದ ವಿಷಯದಲ್ಲಿ ಅದು ಗ್ಯಾರಂಟಿ.

ಫೋಟೋ ಕೂಡ ಜಿಪ್‌ಗೆ ಜಗ್ಗಲಿಲ್ಲ ಅಂದಿರಿ. ಮೊಬೈಲಿನಿಂದ ಬಂದ ಜೆಪೆಗ್ ಅಂದರೆ ಈಗಾಗಲೇ ಕುಗ್ಗಿಸಿ ಮುಗಿದ ಫೈಲು, ಅದಕ್ಕೇ. ಒಳಗೆ ನಡೆಯುವುದು ಹೀಗೆ. ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕೆಗಳ ಚೌಕಗಳಾಗಿ ಒಡೆಯುತ್ತದೆ. ಪ್ರತಿ ಚೌಕದ 64 ಸಂಖ್ಯೆಗಳನ್ನು ಬೇರೆ 64 ಸಂಖ್ಯೆಗಳಾಗಿ ಮಾರ್ಪಡಿಸುತ್ತದೆ. ಮೊದಲನೆಯದು ಆ ಚೌಕದ ಸರಾಸರಿ ಬೆಳಕು. ಮುಂದಿನವು ನಿಧಾನಕ್ಕೆ ಬದಲಾಗುವ ಛಾಯೆ. ಕೊನೆಯವು ಚೂಪಾದ ಗೆರೆ, ಅಂಚು. ಇಲ್ಲಿಯವರೆಗೆ ಏನೂ ಹೋಗಿಲ್ಲ, ಉಲ್ಟಾ ಲೆಕ್ಕ ಹಾಕಿದರೆ ಚಿತ್ರ ವಾಪಸ್ ಸಿಗುತ್ತದೆ. ಹೋಗುವುದು ಮುಂದಿನ ಹೆಜ್ಜೆಯಲ್ಲಿ. ಆ 64 ಸಂಖ್ಯೆಗಳನ್ನು ಒಂದೊಂದು ಅಂಕಿಯಿಂದ ಭಾಗಿಸಿ, ಚಿಲ್ಲರೆಯನ್ನು ಬಿಟ್ಟು ಪೂರ್ಣ ಸಂಖ್ಯೆ ಮಾಡುತ್ತದೆ. ಕೊನೆಯ ಸಂಖ್ಯೆಗಳಲ್ಲಿ ಬಹಳಷ್ಟು ಸೊನ್ನೆಯಾಗುತ್ತವೆ. ಸಾಲು ಸಾಲು ಸೊನ್ನೆಯನ್ನು ಬರೆಯಲು ಜಾಗ ಬೇಡವಲ್ಲ. ಉಳಿದದ್ದಕ್ಕೆ ಅದೇ ಹಫ್‌ಮನ್ ಸಂಕೇತ. ‘ಕ್ವಾಲಿಟಿ’ ಅಂತ ಎಳೆಯುವ ಗುಂಡಿ ಇರುತ್ತದಲ್ಲ, ಅದು ಬದಲಿಸುವುದು ಆ ಭಾಗಿಸುವ ಅಂಕಿಗಳನ್ನೇ.

ಈ ಮಾರ್ಪಾಡಿನ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದರ ಹಿಂದಿರುವವರು ನಮ್ಮ ರಾಜ್ಯದವರು ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಇವತ್ತು ಯುವಿಸಿಇ ಅನ್ನುವ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದರು. 1972ರಲ್ಲಿ ಈ ವಿಚಾರದ ಮೇಲೆ ಕೆಲಸ ಮಾಡಲು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಹಣ ಕೇಳಿದರು, ಸಿಗಲಿಲ್ಲ. ಬಿಡದೆ ಟಿ. ನಟರಾಜನ್, ಕೆ. ಆರ್. ರಾವ್ ಜೊತೆ ಸೇರಿ 1974ರಲ್ಲಿ ಪ್ರಕಟಿಸಿದರು. ಜೆಪೆಗ್ ಬಂದದ್ದು ಅದಾಗಿ ಹದಿನೆಂಟು ವರ್ಷಕ್ಕೆ, 1992ರಲ್ಲಿ. ಎಂಪಿ3 ಒಳಗಿರುವುದೂ ಇದರದ್ದೇ ಒಂದು ರೂಪ. ಹಣ ಕೊಡದವರು ಆಮೇಲೆ ಏನಂದುಕೊಂಡರೋ!

ನಿಮ್ಮ ಕೆಲಸಕ್ಕೆ ಬೇಕಾದ್ದು ಇಷ್ಟು. ಜೆಪೆಗ್ ಹುಟ್ಟಿದ್ದು ಮುಖ, ಮರ, ಆಕಾಶದಂಥ ಮೆತ್ತಗಿನ ಚಿತ್ರಕ್ಕೆ. ಬಿಳೀ ಕಾಗದದ ಮೇಲೆ ಕರೀ ಶಾಯಿ ಅಂದರೆ ಎಲ್ಲವೂ ಚೂಪಾದ ಅಂಚು. ಅದು ಎಸೆಯುವುದೂ ಅದನ್ನೇ. ಕ್ವಾಲಿಟಿ ಇಳಿಸಿ ಉಳಿಸಿದ ಹಸ್ತಪ್ರತಿಯ ಫೋಟೋವನ್ನು ಹಿಗ್ಗಿಸಿ ನೋಡಿ: ಅಕ್ಷರದ ಸುತ್ತ ನುಸಿ ಮುತ್ತಿದ ಹಾಗೆ ಕಾಣುತ್ತದೆ. ಒತ್ತಕ್ಷರ ಚಿಕ್ಕದಿದ್ದರೆ ಮೊದಲು ಕರಗುವುದು ಅದೇ. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಮುಟ್ಟಬೇಡಿ. ತಿರುಗಿಸುವುದು, ಕತ್ತರಿಸುವುದು, ಬೆಳಕು ಹೆಚ್ಚಿಸುವುದು ಎಲ್ಲ ಅದರ ನಕಲಿನ ಮೇಲೆ ನಡೆಯಲಿ. ಎಡಿಟ್ ಮಾಡಿ ಜೆಪೆಗ್ ಆಗಿ ಉಳಿಸಿದ ಪ್ರತಿ ಸಲವೂ ಆ ಭಾಗಾಕಾರ ಮತ್ತೆ ನಡೆಯುತ್ತದೆ. ಇನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ್ದನ್ನು ವಾಪಸ್ ಇಳಿಸಿಕೊಂಡು ‘ನಮ್ಮಲ್ಲಿ ಕಾಪಿ ಇದೆ’ ಅಂದುಕೊಳ್ಳಬೇಡಿ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಆಗ ಫೈಲು ಇದ್ದ ಹಾಗೇ ಹೋಗುತ್ತದೆ.

ಲೆಕ್ಕದ ಪುಸ್ತಕದ ಸ್ಕ್ಯಾನ್‌ಗೆ ಬರೋಣ. ಇಲ್ಲಿ ನನಗೆ ನಿಜವಾಗಿಯೂ ಭಯ ಇದೆ. ಪಿಡಿಎಫ್ ಚಿಕ್ಕದು ಮಾಡುವ ಪದ್ಧತಿಗಳಲ್ಲಿ ಜೆಬಿಗ್2 ಅಂತ ಒಂದು. ಪುಟದಲ್ಲಿ ಒಂದೇ ಥರ ಕಾಣುವ ಆಕಾರಗಳನ್ನು ಹುಡುಕಿ, ಒಂದನ್ನು ಮಾತ್ರ ಇಟ್ಟುಕೊಂಡು ಉಳಿದ ಕಡೆಗೆಲ್ಲ ಅದನ್ನೇ ಅಂಟಿಸುತ್ತದೆ. ಜಿಪ್ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ ತಾನೇ ಅನಿಸಬಹುದು. ವ್ಯತ್ಯಾಸ ಏನೆಂದರೆ ಜಿಪ್‌ಗೆ ಪೂರ್ತಿ ಒಂದೇ ಆಗಿರಬೇಕು, ಇದಕ್ಕೆ ‘ಸುಮಾರು ಒಂದೇ ಥರ’ ಇದ್ದರೂ ನಡೆಯುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ, ಝೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರುಗಳು ಇದೇ ಕಾರಣಕ್ಕೆ ಅಂಕಿಗಳನ್ನು ಬದಲಿಸುತ್ತಿವೆ ಅಂತ ತೋರಿಸಿಕೊಟ್ಟರು. ಮನೆಯ ನಕ್ಷೆಯಲ್ಲಿ ಕೋಣೆಯ ಅಳತೆಯೇ ಬೇರೆ ಬಂದಿತ್ತು. 6 ಇದ್ದಲ್ಲಿ 8. ಅಕ್ಷರ ಮಸುಕಾಗಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ, ಇಲ್ಲಿ ತಪ್ಪು ಅಂಕಿ ಸ್ಫುಟವಾಗಿ, ಚೆಂದವಾಗಿ ಕೂತಿರುತ್ತದೆ. ಕಂಪನಿ ಆಮೇಲೆ ಸಾಫ್ಟ್‌ವೇರ್ ಸರಿಪಡಿಸಿತು. ಆದರೆ ಅಷ್ಟರಲ್ಲಿ ಸ್ಕ್ಯಾನ್ ಆಗಿಹೋದದ್ದನ್ನು ಯಾವ ಸಾಫ್ಟ್‌ವೇರೂ ಸರಿ ಮಾಡಲಾರದು.

ನಿಮ್ಮ ಹಳೇ ಪುಸ್ತಕಗಳಲ್ಲಿ ಕನ್ನಡ ಅಂಕಿ ಇದ್ದರೆ ಇನ್ನೂ ಹುಷಾರು. ೬ ಮತ್ತು ೯ ನಡುವೆ ಇರುವುದು ಬಾಲದ ವ್ಯತ್ಯಾಸ ಅಷ್ಟೇ. ಕಡಿಮೆ ಡಿಪಿಐನಲ್ಲಿ (ಒಂದು ಇಂಚಿಗೆ ಹಿಡಿಯುವ ಚುಕ್ಕೆಗಳ ಲೆಕ್ಕ) ಕಣ್ಣೇ ಮೋಸ ಹೋಗುತ್ತದೆ. ಆದ್ದರಿಂದ ಸ್ಕ್ಯಾನರಿನಲ್ಲಿ ‘ಕಾಂಪ್ಯಾಕ್ಟ್ ಪಿಡಿಎಫ್’, ‘ಹೈ ಕಂಪ್ರೆಶನ್’ ಅಂತ ಏನಿದ್ದರೂ ಬಂದ್ ಮಾಡಿ. 300 ಡಿಪಿಐ, ಗ್ರೇ, ಟಿಫ್ ಅಥವಾ ಪಿಎನ್‌ಜಿ. ಎ4 ಪುಟ ಆ ಲೆಕ್ಕದಲ್ಲಿ 2,480ಕ್ಕೆ 3,508 ಚುಕ್ಕೆ, ಅಂದರೆ ಕುಗ್ಗಿಸುವ ಮೊದಲು ಸುಮಾರು 8.7 ಎಂಬಿ. ಪಿಎನ್‌ಜಿ ಒಳಗಿರುವುದು ಜಿಪ್‌ನದ್ದೇ ಪದ್ಧತಿ, ಏನೂ ಕಳೆಯದೆ ಅದನ್ನು ಇಳಿಸುತ್ತದೆ. ಕೆಂಪು ಶಾಯಿಯಲ್ಲಿ ತಿದ್ದಿದ್ದು, ಮೊಹರು ಒತ್ತಿದ್ದು ಇದ್ದರೆ ಕಲರ್‌ನಲ್ಲೇ ಮಾಡಿ, ಮೂರು ಪಟ್ಟಾಗುತ್ತದೆ, ಆಗಲಿ.

ಆಡಿಯೋ ನಿಮ್ಮ ಸಂಗ್ರಹದ ಜೀವ. ಅದಕ್ಕೇ ಕ್ಯಾಸೆಟ್ ಎಸೆಯಬೇಡಿ ಅಂದದ್ದು.

ಎಂಪಿ3 ಕಿವಿಯ ದೌರ್ಬಲ್ಯದ ಮೇಲೆ ಕಟ್ಟಿದ ಪದ್ಧತಿ. ಒಂದು ಜೋರು ಸದ್ದಿನ ಪಕ್ಕದಲ್ಲೇ ಅದೇ ಸ್ಥಾಯಿಯ ಸಣ್ಣ ಸದ್ದು ಇದ್ದರೆ ನಮಗೆ ಕೇಳುವುದಿಲ್ಲ. ಕೇಳದ್ದನ್ನು ಒರಟಾಗಿ ಬರೆದರೆ ಯಾರಿಗೆ ಗೊತ್ತಾಗುತ್ತದೆ ಅನ್ನುವುದು ಅದರ ತರ್ಕ. ಸಿನಿಮಾ ಹಾಡಿಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಎಂಪಿ3 ಸದ್ದನ್ನು 576 ಸ್ಯಾಂಪಲ್‌ಗಳ ತುಂಡು ತುಂಡಾಗಿ ನೋಡುತ್ತದೆ. ಸ್ಯಾಂಪಲ್ ಅಂದರೆ ಒಂದು ಕ್ಷಣದ ಸದ್ದಿನ ಅಳತೆ. ಒಂದು ತುಂಡು ಸುಮಾರು 13 ಮಿಲಿಸೆಕೆಂಡ್. ಒರಟಾಗಿ ಬರೆದಾಗ ಆಗುವ ತಪ್ಪು ಆ ತುಂಡಿನ ಉದ್ದಕ್ಕೂ ಹರಡುತ್ತದೆ. ಈಗ ಚಂಡೆಯ ಪೆಟ್ಟು ತುಂಡಿನ ಕೊನೆಯಲ್ಲಿ ಬಿತ್ತು ಅಂದುಕೊಳ್ಳಿ. ಅದಕ್ಕೆ ಮೊದಲು ಮೌನ ಇತ್ತು. ಆ ಮೌನದಲ್ಲಿ ‘ಸುಯ್’ ಅನ್ನುವ ಒಂದು ಮಬ್ಬು ಸದ್ದು ಸೇರಿಕೊಳ್ಳುತ್ತದೆ. ಪೆಟ್ಟು ಬೀಳುವ ಮೊದಲೇ ಅದರ ನೆರಳು ಬಂದ ಹಾಗೆ. ಚಂಡೆಯ ಚುರುಕೇ ಸತ್ತುಹೋಗುತ್ತದೆ. ಇಂಥ ಕಡೆ ತುಂಡನ್ನು ಇನ್ನೂ ಚಿಕ್ಕದು ಮಾಡುವ ಜಾಣತನ ಒಳ್ಳೆ ಎಂಪಿ3 ಸಾಫ್ಟ್‌ವೇರಿಗೆ ಇದೆ. ಆದರೆ ಸೆಕೆಂಡಿಗೆ 64 ಸಾವಿರ ಬಿಟ್, ಅಂದರೆ 64 ಕೆಬಿಪಿಎಸ್‌ನಷ್ಟು ಕಡಿಮೆ ಇಟ್ಟರೆ ಅದರ ಕೈಯಲ್ಲೂ ಆಗುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು ಜಾಗಟೆ, ಚಂಡೆ ಒಟ್ಟಿಗೆ ಏರುವ ಜಾಗ ಕೇಳಿ ನೋಡಿ. ಭಾಗವತರ ಸ್ವರ ಪರವಾಗಿಲ್ಲ ಅನಿಸುತ್ತದೆ, ಹಿಮ್ಮೇಳ ನೀರೊಳಗಿಂದ ಬಂದ ಹಾಗೆ ಇರುತ್ತದೆ.

ಫ್ಲ್ಯಾಕ್ ಬೇರೆ ಥರ. 2001ರಿಂದ ಇರುವ ಈ ಪದ್ಧತಿ ಉಚಿತ, ಏನನ್ನೂ ಎಸೆಯುವುದಿಲ್ಲ. ಅದು ಮಾಡುವುದು ಊಹೆ. ಸದ್ದಿನ ಸ್ಯಾಂಪಲ್‌ಗಳು 1,000, 1,040, 1,078 ಅಂತ ಬಂದರೆ ಮುಂದಿನದು 1,116ರ ಹತ್ತಿರ ಇರಬೇಕು ಅಂತ ಲೆಕ್ಕ ಹಾಕುತ್ತದೆ. ನಿಜವಾಗಿ ಬಂದದ್ದು 1,114. ಫೈಲಿಗೆ ಬರೆಯುವುದು ಆ ಎರಡರ ವ್ಯತ್ಯಾಸವನ್ನು ಮಾತ್ರ. ಸಣ್ಣ ಸಂಖ್ಯೆ, ಕಡಿಮೆ ಬಿಟ್. ಬಿಚ್ಚುವಾಗಲೂ ಅದೇ ಊಹೆ ಮಾಡಿ ವ್ಯತ್ಯಾಸ ಸೇರಿಸಿದರೆ ಮೂಲ ಸದ್ದು. ಮಾತಿನ ಭಾಗಕ್ಕೆ, ಅದರಲ್ಲೂ ಅರ್ಥಧಾರಿಗಳು ನಿಲ್ಲಿಸಿ ನಿಲ್ಲಿಸಿ ಮಾತಾಡುವ ಕಡೆ, ಇದು ತುಂಬ ಚೆನ್ನಾಗಿ ಕುಗ್ಗಿಸುತ್ತದೆ. ಕುಗ್ಗಿಸಲಾಗದ್ದು ಹಳೇ ಟೇಪಿನ ‘ಸ್ಸ್’ ಸದ್ದನ್ನು. ಅದರಲ್ಲಿ ಊಹಿಸಲು ಏನೂ ಇಲ್ಲ. ಹಾಗಾಗಿ ಕ್ಯಾಸೆಟ್ಟಿನಿಂದ ಬಂದ ಫ್ಲ್ಯಾಕ್ ಅರ್ಧದಷ್ಟಾದರೆ ಖುಷಿ ಪಡಿ. ಆ ‘ಸ್ಸ್’ ತೆಗೆಯುವ ಸಾಫ್ಟ್‌ವೇರ್ ಹಾಕಿ ಮೂಲ ಪ್ರತಿಯನ್ನು ‘ಶುದ್ಧ’ ಮಾಡಲು ಹೋಗಬೇಡಿ. ಅದರ ಜೊತೆ ತಾಳದ ಕಂಚಿನ ನಾದವೂ ಹೋಗುತ್ತದೆ. ಕೇಳುವವರಿಗೆ ಕೊಡುವ ನಕಲಿನಲ್ಲಿ ಬೇಕಾದರೆ ಮಾಡಿ.

ಜಾಗದ ಲೆಕ್ಕ ನೋಡಿ. ಹಳ್ಳಿಯ ಮೈಕಿನಿಂದ ಬಂದ ರೆಕಾರ್ಡಿಂಗ್ ಬಹುಪಾಲು ಮೋನೋ. ಸೆಕೆಂಡಿಗೆ 44,100 ಸ್ಯಾಂಪಲ್, 16 ಬಿಟ್, ಒಂದೇ ಚಾನೆಲ್ ಅಂದರೆ ಗಂಟೆಗೆ ಸುಮಾರು 318 ಎಂಬಿ. 90 ನಿಮಿಷದ ಒಂದು ಕ್ಯಾಸೆಟ್ 476 ಎಂಬಿ. ಫ್ಲ್ಯಾಕ್‌ನಲ್ಲಿ ಅರ್ಧ ಅಂದುಕೊಂಡರೂ ನೂರು ಕ್ಯಾಸೆಟ್‌ಗೆ ಇಪ್ಪತ್ತನಾಲ್ಕು ಜಿಬಿ ಆಸುಪಾಸು. ಒಂದು ಪೆನ್ ಡ್ರೈವಿನ ಮಾತು! ಇಷ್ಟಕ್ಕೆ ಜಾಗ ಉಳಿಸಲು ಹೋಗಿ ಚಂಡೆಯ ಪೆಟ್ಟು ಕಳೆದುಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ. ಮುಖ್ಯವಾದ ಕ್ಯಾಸೆಟ್‌ಗಳನ್ನಾದರೂ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಮತ್ತೆ ರೆಕಾರ್ಡ್ ಮಾಡಿ, ಫ್ಲ್ಯಾಕ್ ಆಗಿ ಉಳಿಸಿ. ಈಗಿರುವ ಎಂಪಿ3ಯನ್ನೇ ಫ್ಲ್ಯಾಕ್‌ಗೆ ಬದಲಿಸುವುದರಿಂದ ಏನೂ ಪ್ರಯೋಜನವಿಲ್ಲ, ಫೈಲು ದಪ್ಪ ಆಗುತ್ತದೆ ಅಷ್ಟೇ. ಕ್ಯಾಸೆಟ್ ಹಾಳಾಗಿ ಎಂಪಿ3 ಒಂದೇ ಉಳಿದಿದ್ದರೆ ಆ ಎಂಪಿ3ಯೇ ಈಗ ಮೂಲ. ಅದನ್ನು ಹಾಗೇ ಇಡಿ, ಮತ್ತೆ ಮತ್ತೆ ಎಡಿಟ್ ಮಾಡಿ ಉಳಿಸಬೇಡಿ.

ಮೇಲ್‌ನ ತೊಂದರೆ ಚಿಕ್ಕದು. ಮೇಲ್ ವ್ಯವಸ್ಥೆ ಹುಟ್ಟಿದ್ದು ಬರೀ ಇಂಗ್ಲಿಷ್ ಅಕ್ಷರ ಸಾಗಿಸಲು. ಫೋಟೋ, ಜಿಪ್ ಕಳಿಸಬೇಕೆಂದರೆ ಮೊದಲು ಅದನ್ನು ಅಕ್ಷರಗಳ ರೂಪಕ್ಕೆ ತರಬೇಕು. ಬೇಸ್64 ಅನ್ನುವ ಆ ಪದ್ಧತಿಯಲ್ಲಿ ಪ್ರತಿ ಮೂರು ಬೈಟು ನಾಲ್ಕು ಅಕ್ಷರವಾಗುತ್ತದೆ. ನಿಮ್ಮ 20 ಎಂಬಿ ದಾರಿಯಲ್ಲಿ 26 ಎಂಬಿ ದಾಟುತ್ತದೆ. 18 ಎಂಬಿ ಒಳಗಿದ್ದರೆ ಹೋಗುತ್ತದೆ, ಇಲ್ಲದಿದ್ದರೆ ಗೂಗಲ್ ಡ್ರೈವಿಗೆ ಹಾಕಿ ಲಿಂಕ್ ಕೊಡಿ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ ಸಿಕ್ಕರೆ ಕನ್ನಡಕ್ಕೆ 70 ಸಿಗುವುದೂ ಇಂಥದ್ದೇ ಕಾರಣಕ್ಕೆ: ಜಾಗ 140 ಬೈಟು, ಇಂಗ್ಲಿಷಿಗೆ ತಲಾ ಏಳು ಬಿಟ್, ಕನ್ನಡಕ್ಕೆ ತಲಾ ಎರಡು ಬೈಟು. ಇಲ್ಲೆಲ್ಲ ನಡೆಯುವುದು ಬರೆಯುವ ರೂಪದ ಬದಲಾವಣೆ ಮಾತ್ರ, ಏನೂ ಕಳೆಯುವುದಿಲ್ಲ.

ಕೊನೆಗೆ ಆ ‘ಇಂಗ್ಲಿಷ್ ಕಸ’. ಕಸದಲ್ಲೂ ಮೂರು ಥರ ಇದೆ, ನೋಡಿದ ತಕ್ಷಣ ಗುರುತು ಹಿಡಿಯಬಹುದು. ತಲೆ ಮೇಲೆ ಗೀಟಿರುವ ಇಂಗ್ಲಿಷಿನ ಚಿಕ್ಕ ಎ, ಪಕ್ಕದಲ್ಲೇ ಪುಟ್ಟ 2, ಈ ಜೋಡಿ ಸಾಲಿನ ತುಂಬ ಮತ್ತೆ ಮತ್ತೆ ಕಂಡರೆ ಅದು ಶುದ್ಧ ಯುನಿಕೋಡ್ ಕನ್ನಡ. ಆಗಲೇ ನೋಡಿದೆವಲ್ಲ 224, 178, ಅವನ್ನೇ ಹಳೇ ಇಂಗ್ಲಿಷ್ ಪಟ್ಟಿಯ ಪ್ರಕಾರ ಓದಿದರೆ ಬರುವುದು ಆ ಎ ಮತ್ತು ಆ 2. ಏನೂ ಹಾಳಾಗಿಲ್ಲ. ಫೈಲು ತೆರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8 ಅಂತ ಆರಿಸಿದರೆ ಸಾಕು.

ಇಂಗ್ಲಿಷಿನ ದೊಡ್ಡ ಸಣ್ಣ ಅಕ್ಷರ, ಗೀಟು ಚುಕ್ಕೆಯ ಅಕ್ಷರ ಎಲ್ಲ ಕಲಸಿದ ಹಾಗಿದ್ದರೆ ಅದು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಮಾಡಿದ ಫೈಲು. ಡಿಟಿಪಿಯವರ ಫೈಲು ಅಂದಿರಲ್ಲ, ನಿಮ್ಮದು ಇದೇ ಇರಬೇಕು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಯುನಿಕೋಡ್‌ಗೆ ಬದಲಿಸುವ ಕನ್ವರ್ಟರುಗಳು ಉಚಿತವಾಗಿ ಸಿಗುತ್ತವೆ. ಆದರೆ ಕುರುಡಾಗಿ ನಂಬಬೇಡಿ. ಹಳೇ ಫಾಂಟಿನಲ್ಲಿ ‘ಕರ್ಣ’ ಅಂದರೆ ಕಣ್ಣಿಗೆ ಕಂಡ ಕ್ರಮದಲ್ಲಿ ಕ, ಣ, ಆಮೇಲೆ ಅರ್ಕಾವತ್ತು. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಕ, ರ, ಹಲಂತ, ಣ. ಕನ್ವರ್ಟರು ಅದನ್ನು ಹಿಂದೆ ಮುಂದೆ ಮಾಡಬೇಕು. ಟೈಪ್ ಮಾಡಿದವರು ಅರ್ಕಾವತ್ತಿನ ಬದಲು ೯ ಒತ್ತಿದ್ದರಂತೂ ‘ಕಣ೯’ ಅಂತಲೇ ಉಳಿಯುತ್ತದೆ. ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಅದು ಅರ್ಥವಿಲ್ಲದ ಕನ್ನಡವಾಗುತ್ತದೆ. ಪ್ರಸಂಗ ಬಲ್ಲವರೊಬ್ಬರು ಕೂತು ಓದಲೇಬೇಕು.

ಬದಲಿಸಿದ ಮೇಲೆ ಇನ್ನೊಂದು ಕೆಲಸ. ‘ಗೋಕರ್ಣ’ದ ‘ೋ’ ಅನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಮೂರು ಚಿಹ್ನೆ ಜೋಡಿಸಿಯೂ ಬರೆಯಬಹುದು. ನೋಡಲು ಎರಡೂ ಒಂದೇ. ಒಳಗೆ ಒಂದು 18 ಬೈಟು, ಇನ್ನೊಂದು 24. ಸಾದಾ ಎಡಿಟರಿನಲ್ಲಿ ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಎಲ್ಲವನ್ನೂ ಎನ್‌ಎಫ್‌ಸಿ ಅನ್ನುವ ಒಂದೇ ರೂಪಕ್ಕೆ ತಂದುಬಿಟ್ಟರೆ ಈ ತಲೆನೋವು ಇರುವುದಿಲ್ಲ. ನಿಮ್ಮೂರಿನ ಯಾವ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯಾದರೂ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಮೂರನೇ ಥರ ಕೆಟ್ಟದ್ದು. ಅಕ್ಷರ ಇದ್ದಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ. ಯಾರೋ ಯುನಿಕೋಡ್ ಪಠ್ಯವನ್ನು ಹಳೇ ಎಎನ್‌ಎಸ್‌ಐ ರೂಪದಲ್ಲಿ ಉಳಿಸಿದ್ದಾರೆ. ಆ ಪಟ್ಟಿಯಲ್ಲಿ ಕನ್ನಡವೇ ಇಲ್ಲ, ಹಾಗಾಗಿ ಪ್ರತಿ ಚಿಹ್ನೆಯ ಜಾಗದಲ್ಲೂ ಒಂದೇ ಗುರುತು ಬಿತ್ತು. ಇದಕ್ಕೆ ಮದ್ದಿಲ್ಲ ಮಾರಾಯ್ರೇ. ಬೇರೆ ಕಾಪಿ ಹುಡುಕಬೇಕು, ಇಲ್ಲಾ ಮತ್ತೆ ಟೈಪ್ ಮಾಡಬೇಕು.

ಇಡುವ ಬಗ್ಗೆ ಎರಡು ಮಾತು. ಎಲ್ಲವನ್ನೂ ಸೇರಿಸಿ ಒಂದು ದೈತ್ಯ ಜಿಪ್ ಮಾಡಬೇಡಿ, 7-ಜಿಪ್ ಅಂತೂ ಬೇಡವೇ ಬೇಡ. ಅದು ಫೈಲುಗಳನ್ನು ಒಂದಕ್ಕೊಂದು ಹೆಣೆದು ಕುಗ್ಗಿಸುತ್ತದೆ. ಡಿಸ್ಕಿನಲ್ಲಿ ಒಂದು ಜಾಗ ಕೆಟ್ಟರೆ ಅದರಾಚೆಯ ಫೈಲುಗಳೂ ಬಿಚ್ಚದೆ ಹೋಗಬಹುದು. ಫ್ಲ್ಯಾಕ್, ಪಿಎನ್‌ಜಿ, ಪಠ್ಯ ಎಲ್ಲ ಬಿಡಿ ಬಿಡಿಯಾಗಿ ಫೋಲ್ಡರಿನಲ್ಲಿರಲಿ. ಎರಡು ಹಾರ್ಡ್ ಡಿಸ್ಕ್ ಶಿರಸಿಯಲ್ಲಿ, ಇನ್ನೊಂದು ಘಟ್ಟದ ಕೆಳಗೋ ಬೆಂಗಳೂರಿನಲ್ಲೋ ನಂಬಿಕಸ್ಥರ ಹತ್ತಿರ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಅನ್ನುವ ಬೆರಳಚ್ಚು ತೆಗೆದು ಒಂದು ಪಟ್ಟಿ ಮಾಡಿಡಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಮತ್ತೆ ಲೆಕ್ಕ ಹಾಕಿ ಹೋಲಿಸಿ. ಒಂದು ಬಿಟ್ ಬದಲಾಗಿದ್ದರೂ ಬೆರಳಚ್ಚು ಪೂರ್ತಿ ಬೇರೆಯಾಗಿರುತ್ತದೆ. ಆಗ ಇನ್ನೊಂದು ಡಿಸ್ಕಿನಿಂದ ಆ ಫೈಲನ್ನು ತಂದುಕೊಂಡರಾಯಿತು. ಫ್ಲ್ಯಾಕ್ ಫೈಲಿನ ಒಳಗೇ ಮೂಲ ಸದ್ದಿನ ಬೆರಳಚ್ಚು ಒಂದು ಇರುತ್ತದೆ. ಅದರ ‘ಟೆಸ್ಟ್’ ಆಯ್ಕೆ ಓಡಿಸಿ, ಸರಿ ಇದೆ ಅಂತ ಬಂದ ಮೇಲೆ ಕುಗ್ಗಿಸುವ ಮೊದಲಿನ ದೊಡ್ಡ ವೇವ್ ಫೈಲನ್ನು ಅಳಿಸಬಹುದು.